ಬೀಫ್ ಫ್ರೈಗೆ ಉಪ್ಪು ಮೊದಲು, ಕಾಳುಮೆಣಸು ಕೊನೆಗೆ

ಅಕ್ಕಾ, ಬೆಳಿಗ್ಗೆ ನೀವು ಕೇಳಿದ್ರಲ್ಲ, ಕೇರಳದ ಬೀಫ್ ಫ್ರೈ ಹೊರಗೆಲ್ಲ ಖಾರ, ಕಚ್ಚಿದ್ರೆ ಒಳಗೆ ಸಪ್ಪೆ ಅಂತ. ಮಸಾಲೆ ಇನ್ನೂ ಜಾಸ್ತಿ ಹಾಕಬೇಡಿ. ಖಾರದ ಪುಡಿ, ಕೊತ್ತಂಬರಿ ಪುಡಿ ಎಷ್ಟು ಹೊತ್ತು ಹಚ್ಚಿಟ್ರೂ ತುಂಡಿನ ಮೇಲೆಯೇ ಉಳಿತದೆ. ಒಳಗೆ ಇಳಿಯೋದು ಉಪ್ಪು, ಅದಕ್ಕೆ ಹೊತ್ತು ಕೊಡ್ಬೇಕು.

ಒಂದು ಕೆಜಿಗೆ ಮಟ್ಟಸವಾಗಿ ಎರಡು ಟೀ ಚಮಚ ಪುಡಿ ಉಪ್ಪು, ಸುಮಾರು 12 ಗ್ರಾಂ. ಸ್ವಲ್ಪ ಕೊಬ್ಬಿರುವ ಭುಜದ ಮಾಂಸ ತಗೊಳ್ಳಿ, ತುಂಡು ಒಂದಿಂಚಿಗಿಂತ ದೊಡ್ಡದು ಬೇಡ. ತೊಳೆದದ್ದು ಕಾಲು ಗಂಟೆ ಪೂರ್ತಿ ಬಸಿಯಲಿ, ಇಲ್ಲದಿದ್ರೆ ಉಪ್ಪೆಲ್ಲ ನೀರಿನ ಜೊತೆ ತಳಕ್ಕೆ ಹೋಗ್ತದೆ. ಅದಕ್ಕೆ ಉಪ್ಪು, ಅರ್ಧ ಚಮಚ ಅರಿಶಿನ ಹಚ್ಚಿ ರಾತ್ರಿಯೇ ಫ್ರಿಜ್‌ನಲ್ಲಿಡಿ, ಆಗದಿದ್ರೆ ನಾಲ್ಕು ಗಂಟೆಯಾದ್ರೂ. ನಿಂಬೆರಸ, ವಿನೆಗರ್ ಈಗ ಬೇಡವೇ ಬೇಡ. ರಾತ್ರಿಯಿಡೀ ಹುಳಿಯಲ್ಲಿದ್ರೆ ಮಾಂಸದ ಮೇಲ್ಭಾಗ ಹಿಟ್ಟುಹಿಟ್ಟಾಗ್ತದೆ.

ಮರುದಿನ ಎರಡು ದೊಡ್ಡ ಚಮಚ ಕೊತ್ತಂಬರಿ ಪುಡಿ, ಒಂದು ದೊಡ್ಡ ಚಮಚ ಖಾರದ ಪುಡಿ ಸಣ್ಣ ಉರಿಯಲ್ಲಿ ಪರಿಮಳ ಬರೋವರೆಗೆ ಮಾತ್ರ ಬಿಸಿ ಮಾಡಿ, ಕಪ್ಪಾದ್ರೆ ಕಹಿ. ಅದರ ಜೊತೆ ಒಂದು ಚಮಚ ಸೋಂಪಿನ ಪುಡಿ, ಜಜ್ಜಿದ ಶುಂಠಿ ಎರಡಿಂಚು, ಬೆಳ್ಳುಳ್ಳಿ ಹನ್ನೆರಡು ಎಸಳು, ಕರಿಬೇವು ಹಾಕಿ ಮಾಂಸಕ್ಕೆ ಕಲಸಿ ಕುಕ್ಕರಿಗೆ ಇಡಿ. ನೀರು ಕಾಲು ಕಪ್ ಸಾಕು, ಮಾಂಸವೇ ನೀರು ಬಿಡ್ತದೆ. ಐದು ವಿಸಿಲ್ ಆದ ಮೇಲೆ ತುಂಡು ಒತ್ತಿ ನೋಡಿ, ಎಮ್ಮೆ ಮಾಂಸಕ್ಕೆ ಇನ್ನೂ ಮೂರು ನಾಲ್ಕು ಬೇಕಾಗ್ತದೆ. ಇಲ್ಲಿ ಬೇಯದ್ದು ಬಾಣಲೆಯಲ್ಲಿ ಖಂಡಿತ ಬೇಯೋದಿಲ್ಲ, ಇನ್ನಷ್ಟು ಗಟ್ಟಿಯೇ ಆಗ್ತದೆ.

ನಿಜವಾದ ರುಚಿ ಕಟ್ಟೋದು ಹುರಿಯೋದ್ರಲ್ಲಿ. ಕಬ್ಬಿಣದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ತೆಂಗಿನಕಾಯಿ ಚೂರು ಕೆಂಪಾಗ್ಲಿ, ಆಮೇಲೆ ಚಿಕ್ಕ ಈರುಳ್ಳಿ ಕಾಲು ಕೆಜಿ, ಕರಿಬೇವು. ಈರುಳ್ಳಿಗೆ ಬೇರೆ ಉಪ್ಪು ಹಾಕ್ಬೇಡಿ! ಕುಕ್ಕರಿನ ರಸ ಬತ್ತಿದಂತೆ ಅದರಲ್ಲಿರೋ ಉಪ್ಪೆಲ್ಲ ಮಾಂಸದಲ್ಲೇ ಉಳಿತದೆ, ತುಂಬಾ ಜನರಿಗೆ ಉಪ್ಪು ಹೆಚ್ಚಾಗೋದು ಹೀಗೇ. ಮಾಂಸವನ್ನು ರಸದ ಸಮೇತ ಸುರಿದು, ನೀರು ಆರೋವರೆಗೆ ಉರಿ ಜೋರಿರಲಿ, ಆಮೇಲೆ ಸಣ್ಣದು ಮಾಡಿ ಹದಿನೈದು ಇಪ್ಪತ್ತು ನಿಮಿಷ ತಿರುಗಿಸ್ತಾ ಇರಿ. ತುಂಡು ಕಡುಕಂದಾಗಿ ಎಣ್ಣೆ ಅಂಚಿಗೆ ಬರ್ಬೇಕು.

ಕಾಳುಮೆಣಸು ಆಗಷ್ಟೇ ಕುಟ್ಟಿದ್ದು, ಒಂದು ದೊಡ್ಡ ಚಮಚ, ಇಳಿಸೋಕೆ ಎರಡು ನಿಮಿಷ ಮೊದಲು ಹಾಕಿ. ಮುಂಚೆ ಹಾಕಿದ್ರೆ ಘಾಟು ಉಳಿದು ಪರಿಮಳ ಹೋಗ್ತದೆ. ನಿಂಬೆ ಬೇಕಾದವರು ತಟ್ಟೆಯಲ್ಲಿ ಹಿಂಡಿಕೊಳ್ಳಲಿ.