ಮಾರ್ಕೆಟ್ ಒಡೆಯುತ್ತಾರಂತೆ, ನಕ್ಷೆ ಯಾರಾದರೂ ನೋಡಿದ್ದೀರಾ?

ಉಳ್ಳಾಗಡ್ಡಿ ಅಳಿಯ:
ನಮ್ಮ ರಾಯಚೂರು ಜಿಲ್ಲೆಯದೇ ಒಂದು ಊರು. ಹೆಸರು ಬೇಡ, ಮಾವನಿಗೆ ತೊಂದರೆ ಆಗಬಾರದು. ಅಲ್ಲಿನ ಹಳೇ ತರಕಾರಿ ಮಾರ್ಕೆಟ್ ಗೋಡೆಗೆ ಹೋದ ವಾರ ಒಂದು ಹಾಳೆ ಅಂಟಿಸಿದ್ದಾರೆ. ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡಬೇಕು, ಹೊಸ ಕಾಂಪ್ಲೆಕ್ಸ್ ಬರುತ್ತದೆ. ಅಷ್ಟೇ. ಎಷ್ಟು ಅಂತಸ್ತು, ಈಗ ಇರುವವರಿಗೆ ಅಂಗಡಿ ವಾಪಸ್ ಸಿಗುತ್ತದಾ, ಬಾಡಿಗೆ ಎಷ್ಟು, ಕಟ್ಟಿ ಮುಗಿಯುವ ತನಕ ಎಲ್ಲಿ ಕೂರಬೇಕು, ಒಂದೂ ಇಲ್ಲ. ಮಾವನ ಉಳ್ಳಾಗಡ್ಡಿ ಅಂಗಡಿ ಅಲ್ಲೇ ಇರುವುದು. ಆಫೀಸಿಗೆ ಹೋಗಿ ಕೇಳಿದರೆ ‘ಮೇಲಿಂದ ಬಂದಿದೆ’ ಅಂದರು. ಮೇಲೆ ಅಂದರೆ ಎಲ್ಲಿ, ಕೋಟೆ ಗುಡ್ಡದ ಮೇಲಾ?

ಸಿಂಧನೂರು ಭತ್ತ:
ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಆ ಥರದ ಮಾರ್ಕೆಟ್‌ಗಳು ಎಷ್ಟು ಗಬ್ಬು ಅಂತ ಎಲ್ಲರಿಗೂ ಗೊತ್ತು. ಮಳೆ ಬಂದರೆ ಕೊಳೆತ ಕೊತ್ತಂಬರಿ ತುಳಿದುಕೊಂಡೇ ಹೋಗಬೇಕು. ನಮ್ಮ ಭಾಗಕ್ಕೆ ದುಡ್ಡು ಬರುವುದೇ ಅಪರೂಪ, ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಆದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿ ಕಡೆಯಿಂದ ಏನೋ ಒಂದಿಷ್ಟು ಕಾಣುತ್ತಿದೆ. ಎಲ್ಲರನ್ನೂ ಕೂರಿಸಿ ಕೇಳುತ್ತಾ ಹೋದರೆ ಮಾರ್ಚ್ ಬಂದೇಬಿಡುತ್ತದೆ, ಅನುದಾನ ಖರ್ಚಾಗಿಲ್ಲ ಅಂತ ಪೇಪರಿನಲ್ಲಿ ಬರುತ್ತದೆ, ಆಗ ನೀವೇ ಬೈಯುತ್ತೀರಿ. ಮೈಸೂರಿನ ದೇವರಾಜ ಮಾರ್ಕೆಟ್ ನೋಡಿ. 2016ರಲ್ಲಿ ಒಂದು ಭಾಗ ಕುಸಿಯಿತು. ಒಡೆಯಬೇಕಾ, ಉಳಿಸಬೇಕಾ ಅಂತ ಸಮಿತಿ, ಕೋರ್ಟು, ವರ್ಷಗಟ್ಟಲೆ ಎಳೆದಾಟ.

ಮಾನ್ವಿ ಮೇಡಂ:
ಮೊದಲೇ ಎಲ್ಲರನ್ನೂ ಕೂರಿಸಿ ಮಾತಾಡಿದ್ದರೆ ಕೋರ್ಟಿನಲ್ಲಿ ಹೋದ ಹೊತ್ತು ಉಳಿಯುತ್ತಿತ್ತು ಅಂತ ನನ್ನ ಲೆಕ್ಕ ಸರ್.

ನನಗೆ ಉರಿಯುವುದು ಬೇರೆ ವಿಷಯಕ್ಕೆ. ನಾನು ಹುಟ್ಟಿದ್ದು ಹಳ್ಳಿಯಲ್ಲಿ. ಅಲ್ಲಿ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಮಾಡಲೇಬೇಕು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಕಾಟಾಚಾರಕ್ಕೆ ಮಾಡುತ್ತಾರೆ, ಒಪ್ಪುತ್ತೇನೆ. ಪುಸ್ತಕ ಮನೆಗೇ ತಂದು ಸಹಿ ಹಾಕಿಸಿಕೊಂಡು ಹೋಗುವುದೂ ಉಂಟು. ಆದರೂ ಎದ್ದು ನಿಂತು ‘ನಮ್ಮ ಓಣಿ ಚರಂಡಿ ಏನಾಯಿತು’ ಅಂತ ಕೇಳುವುದಕ್ಕೆ ಒಂದು ಜಾಗ ಇದೆ. ಪಟ್ಟಣಕ್ಕೆ ಬಂದರೆ ಅದೂ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ಜಿಲ್ಲೆಗೇ ದೊಡ್ಡದಾದ ರಾಯಚೂರೇ 2011ರ ಜನಗಣತಿಯಲ್ಲಿ ಎರಡೂವರೆ ಲಕ್ಷ ಮುಟ್ಟಿರಲಿಲ್ಲ. ಇನ್ನು ನಮ್ಮ ಮಾನ್ವಿ, ಲಿಂಗಸುಗೂರು ಯಾವ ಲೆಕ್ಕ? ಹಳ್ಳಿಯಲ್ಲಿ ಚರಂಡಿಗೆ ಸಭೆ, ಇಲ್ಲಿ ಇಡೀ ಮಾರ್ಕೆಟ್‌ಗೆ ಗೋಡೆ ಮೇಲೊಂದು ಹಾಳೆ.

ಸಿಂಧನೂರು ಭತ್ತ:
ಕೌನ್ಸಿಲರ್ ಇದ್ದಾರಲ್ವಾ ಅಕ್ಕಾ? ಓಟು ಹಾಕಿದ್ದು ಮತ್ತೆ ಯಾಕೆ?

ಮಾನ್ವಿ ಮೇಡಂ:
ಅಡುಗೆ ಮಾಡಿ ಅಂತ ಓಟು ಹಾಕಿದ್ದೇವೆ. ಏನು ಬಡಿಸುತ್ತೀರಿ ಅಂತ ಕೇಳಲೇಬಾರದು ಅಂತಲ್ಲ.

ರಿಟೈರ್ಡ್ ಜೆಇ:
ನಾನು ಜೂನಿಯರ್ ಇಂಜಿನಿಯರ್ ಆಗಿ ಇಂಥ ಕೆಲಸ ಮಾಡಿಸಿದವನು, ಎರಡೂ ಕಡೆಯಿಂದ ಬೈಸಿಕೊಳ್ಳುತ್ತೇನೆ. ಡಿಪಿಆರ್, ಅಂದರೆ ಯೋಜನೆಯ ಪೂರ್ತಿ ವರದಿ, ಮಾಡುವ ಕನ್ಸಲ್ಟೆಂಟ್ ಬರುವುದು ಒಂದು ಮಧ್ಯಾಹ್ನ. ಆ ಹೊತ್ತಿಗೆ ಮಾರ್ಕೆಟ್ ಖಾಲಿ, ನಮ್ಮ ಬಿಸಿಲಿಗೆ ನಾಯಿ ಕೂಡ ಹೊರಗೆ ಇರುವುದಿಲ್ಲ. ಬೆಳಗಿನ ಜಾವ ಲಾರಿ, ಟಂಟಂ ಎಲ್ಲಿ ನಿಲ್ಲುತ್ತವೆ, ಹಮಾಲರು ಯಾವ ಕಡೆಯಿಂದ ಚೀಲ ಇಳಿಸುತ್ತಾರೆ, ಅವನಿಗೆ ಗೊತ್ತೇ ಆಗುವುದಿಲ್ಲ. ಒಂದು ಕಡೆ ಹೀಗೇ ಆಯಿತು. ಕೆಳಗಿನ ಅಂತಸ್ತು ಪೂರ್ತಿ ಮೊಬೈಲು, ಬಟ್ಟೆ ಅಂಗಡಿಗೆ, ಯಾಕೆಂದರೆ ಹರಾಜಿನಲ್ಲಿ ಬಾಡಿಗೆ ಜಾಸ್ತಿ ಬರುತ್ತದೆ. ತರಕಾರಿ ಮೊದಲ ಮಹಡಿಗೆ. ಐವತ್ತು ಕೆಜಿ ಚೀಲ ಹೊತ್ತು ದಿನಾ ಮೆಟ್ಟಿಲು ಹತ್ತುವವರು ಯಾರು? ಕಾಲು ಕೆಜಿ ಹಸಿಮೆಣಸಿನಕಾಯಿಗೆ ಮೇಲೆ ಬರುವ ಗಿರಾಕಿ ಯಾರು? ಆರು ತಿಂಗಳಲ್ಲಿ ಎಲ್ಲರೂ ಇಳಿದು ಬಂದು ರಸ್ತೆ ಮೇಲೆ ಕೂತರು. ಮೇಲೆ ಈಗ ಪಾರಿವಾಳ. ಆ ನಕ್ಷೆಗೆ ನಾನೂ ಸಹಿ ಹಾಕಿದ್ದೇನೆ. ಹಮಾಲರನ್ನು ಹತ್ತು ನಿಮಿಷ ಕೇಳಿದ್ದರೆ ತಪ್ಪುತ್ತಿತ್ತು.

ಇನ್ನೊಂದು ಮಾತು. ಇದು ಗುಟ್ಟಿನ ಕಾಗದವೇನೂ ಅಲ್ಲ. 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಕರೆಯಬೇಕು, ಸರ್ಕಾರದ ಪೋರ್ಟಲ್‌ಗೆ ಹಾಕುತ್ತಾರೆ. ಗುತ್ತಿಗೆದಾರ ಅಲ್ಲಿ ನೋಡಿಕೊಂಡು ರೇಟು ಹಾಕುತ್ತಾನೆ. ಅಂಗಡಿಯವನಿಗೆ ಮಾತ್ರ ಯಾರೂ ತೋರಿಸುವುದಿಲ್ಲ.

ಹೂವಿನ ಬುಟ್ಟಿ:
ಎಲ್ಲರೂ ಅಂಗಡಿ ಮಾತೇ ಆಡುತ್ತಿದ್ದೀರಿ. ನೆಲದ ಮೇಲೆ ಕೂತವರದು ಏನು? ನಮ್ಮವ್ವ ನಮ್ಮೂರ ಮಾರ್ಕೆಟ್ ಬಾಗಿಲಲ್ಲಿ ಇಪ್ಪತ್ತು ವರ್ಷದಿಂದ ಮಲ್ಲಿಗೆ ಮಾರುತ್ತಾಳೆ. ಕರಾರು ಪತ್ರ ಇಲ್ಲ, ದಿನದ ಸುಂಕದ ಚೀಟಿ ಮಾತ್ರ. ಅಂಥವರಿಗೂ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಈ ಹದಿನೈದು ಎಲ್ಲಿಂದ ಬಂತು? ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಸಮಿತಿಗೆ ಹೋದ ದಿನ ಹೂ ಯಾರು ಮಾರುತ್ತಾರೆ’ ಅಂದಳು. ಉತ್ತರ ಇರಲಿಲ್ಲ.

ಸಿಂಧನೂರು ಭತ್ತ:
ಜೆಇ ಸಾಹೇಬರೇ, ಹಮಾಲರ ಮಾತು ಒಪ್ಪಿದೆ. ಆದರೆ ಸಭೆ ಕರೆದರೆ ಹಮಾಲರು ಮಾತಾಡುತ್ತಾರಾ? ಅದೇ ನಾಲ್ಕು ಜನ ಮುಖಂಡರು ಮೈಕ್ ಹಿಡಿಯುತ್ತಾರೆ, ಶಾಲು ಹಾಕಿಸಿಕೊಳ್ಳುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಆಮೇಲೆ ‘ಸಾರ್ವಜನಿಕರು ಒಪ್ಪಿದ್ದಾರೆ’ ಅಂತ ಕಡತದಲ್ಲಿ ಬರೆದುಕೊಳ್ಳುತ್ತಾರೆ. ಅದಕ್ಕಿಂತ ಸಭೆ ಇಲ್ಲದಿರುವುದೇ ವಾಸಿ.

ರಿಟೈರ್ಡ್ ಜೆಇ:
ಅದಕ್ಕೇ ಸಭೆ ಆಫೀಸಿನ ಹಾಲ್‌ನಲ್ಲಿ ಬೇಡ ಅನ್ನುವುದು. ಬೆಳಿಗ್ಗೆ ಆರಕ್ಕೆ ಮಾರ್ಕೆಟ್‌ನಲ್ಲೇ ನಕ್ಷೆ ಹಾಸಿ ನಿಲ್ಲಿ. ಬೈಗುಳದಲ್ಲೇ ಅರ್ಧ ಸಲಹೆ ಸಿಗುತ್ತದೆ.

ಉಳ್ಳಾಗಡ್ಡಿ ಅಳಿಯ:
ಸರಿ, ಈಗ ನಾನು ಏನು ಮಾಡಲಿ? ಆರ್‌ಟಿಐ ಹಾಕಲಾ?

ರಿಟೈರ್ಡ್ ಜೆಇ:
ಹಾಕು. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ 150 ಪದ, ಒಂದೇ ವಿಷಯ ಅಂತ ಮಿತಿ ಇದೆ, ಹಾಗಾಗಿ ಮಾವನ ಕಷ್ಟ ಬರೆಯಬೇಡ. ಡಿಪಿಆರ್ ಪ್ರತಿ, ನಕ್ಷೆ, ಮಂಜೂರು ಮಾಡಿದ ಸಭೆಯ ನಡಾವಳಿ, ಹಳೇ ಬಾಡಿಗೆದಾರರಿಗೆ ಅಂಗಡಿ ಕೊಡುವ ಬಗ್ಗೆ ಏನು ತೀರ್ಮಾನ ಆಗಿದೆಯೋ ಅದರ ಪ್ರತಿ, ಇಷ್ಟೇ ಕೇಳು. ಆದರೆ ಉತ್ತರ ಕೊಡುವುದಕ್ಕೆ ಅವರಿಗೆ 30 ದಿನ ಇದೆ, ನಿನಗೆ ಇರುವುದು ಹದಿನೈದು. ಕಾಗದ ಕೈಗೆ ಬರುವಷ್ಟರಲ್ಲಿ ಜೆಸಿಬಿ ಕೆಲಸ ಮುಗಿಸಿರುತ್ತದೆ. ಅದಕ್ಕೇ ಇವತ್ತೇ ಎಲ್ಲರ ಸಹಿ ಹಾಕಿಸಿ ತಕರಾರು ಅರ್ಜಿ ಕೊಡು, ನಿನ್ನ ಪ್ರತಿ ಮೇಲೆ ಮುದ್ರೆ ಒತ್ತಿಸಿಕೊಂಡು ಬಾ. ಅದರಲ್ಲಿ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಬರೆ. ಜನರಿಗೆ ತಟ್ಟುವ ತೀರ್ಮಾನ ಪ್ರಕಟ ಮಾಡುವಾಗ ಅದರ ಎಲ್ಲ ವಿವರ ಯಾರೂ ಕೇಳದಿದ್ದರೂ ಅವರೇ ಹೊರಗೆ ಹಾಕಬೇಕು ಅಂತ ಅದರಲ್ಲಿದೆ. 2005ರ ಕಾಯ್ದೆ, ಇಷ್ಟು ವರ್ಷ ಆಯಿತು, ಓದಿದವರು ಕಡಿಮೆ. ನಾನೂ ನೌಕರಿಯಲ್ಲಿ ಇದ್ದಾಗ ಓದಿರಲಿಲ್ಲ.

ಉಳ್ಳಾಗಡ್ಡಿ ಅಳಿಯ:
ಮೂರು ದಿನ ತಿರುಗಿದೆ. ನೆಲದ ಮೇಲೆ ಕೂರುವವರು ಎಲ್ಲರೂ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು. ಹಮಾಲರೂ ಹಾಕಿದರು. ಅಂಗಡಿಯವರು ಅರ್ಧಕ್ಕರ್ಧ. ನಮ್ಮ ಮಾವ ಹಾಕಲಿಲ್ಲ. ಮೂಲೆ ಅಂಗಡಿ ಕೊಡಿಸುತ್ತೇನೆ, ಸುಮ್ನೆ ಇರು ಅಂತ ಯಾರೋ ಹೇಳಿದ್ದಾರಂತೆ.

ಹೂವಿನ ಬುಟ್ಟಿ:
ಅಣ್ಣಾ, ಸಹಿ ಹಾಕದ ಉಳಿದ ಅಂಗಡಿಯವರಿಗೆ ಏನು ಹೇಳಿದ್ದಾರೆ ಒಮ್ಮೆ ಕೇಳಿ ನೋಡಿ. ಕಟ್ಟಡಕ್ಕೆ ಇರುವುದು ನಾಲ್ಕೇ ಮೂಲೆ.