ಹೂಳಿನ ಹೊಂಡದ ಕೋಡಿಯಿಂದ ಕೆಸರುನೀರು ಬರುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಅಳಿವೆಯ ಹೂಳನ್ನು ಡ್ರೆಜ್ಜರ್‌ನಿಂದ ತೆಗೆದು, ಪೈಪಿನಲ್ಲಿ ದಡದ ಹೊಂಡಕ್ಕೆ ಬಿಡುತ್ತಿದ್ದೇವೆ. ಸುತ್ತ ಮಣ್ಣಿನ ಏರಿ ಇದೆ. ನೀರು ಹೊರಹೋಗಲು ಹಲಗೆ ಜೋಡಿಸಿದ 3 ಮೀಟರ್ ಉದ್ದದ ಕೋಡಿ. ಸೆಕೆಂಡಿಗೆ ಅರ್ಧ ಘನ ಮೀಟರ್ ನೀರು ಹರಿಯುತ್ತದೆ. ಹೊಂಡದ ಮೇಲ್ಭಾಗ ತಿಳಿಯಾಗಿಯೇ ಇದೆ, ಕೋಡಿ ದಾಟಿದ್ದು ಮಾತ್ರ ಕೆಸರು. ಹೊಂಡ ದೊಡ್ಡದು ಮಾಡಬೇಕಾ?

ಉತ್ತರ: ಬೇಡ. ಮೇಲೆ ತಿಳಿನೀರು ನಿಂತಿದೆ ಅಂದರೆ ಹೊಂಡ ತನ್ನ ಕೆಲಸ ಮಾಡುತ್ತಿದೆ. ನೋಡಬೇಕಾದ್ದು ಕೋಡಿ. ಅದು ನೀರನ್ನು ತಿಳಿ ಮಾಡುವುದಿಲ್ಲ, ತಿಳಿಯಾದದ್ದನ್ನು ಕದಡದೆ ಹೊರಗೆ ಬಿಡಬೇಕು ಅಷ್ಟೇ.

ಕೋಡಿ ಚಿಕ್ಕದಾದರೆ ಅದರ ಹತ್ತಿರ ನೀರಿನ ವೇಗ ಹೆಚ್ಚುತ್ತದೆ. ಆಗ ಮೇಲಿನ ನೀರಿನ ಜೊತೆ ಕೆಳಗಿನ ಕೆಸರೂ ಎಳೆದುಕೊಂಡು ಬರುತ್ತದೆ. ನಿಮ್ಮ ಕೋಡಿಯಲ್ಲಿ ಹಲಗೆಯ ಮೇಲೆ ಸುಮಾರು 20 ಸೆಂ.ಮೀ. ನೀರು ಹರಿಯುತ್ತಿರಬೇಕು. 12 ಮೀಟರ್ ಉದ್ದ ಕೊಟ್ಟರೆ ಅದು 8 ಸೆಂ.ಮೀ.ಗೆ ಇಳಿಯುತ್ತದೆ. ಆದರೆ ಜಾಗ ಉಳಿಸಲು 12 ಮೀಟರನ್ನು ಹಲ್ಲುಹಲ್ಲಾಗಿ ಮಡಚಿ ಒಂದೇ ಮೂಲೆಗೆ ತುರುಕಬೇಡಿ. ಹಲಗೆಯ ಮೇಲಿನ ನೀರು ಕಡಿಮೆ ಕಾಣಬಹುದು, ಬರುವ ದಾರಿ ಅಷ್ಟೇ ಇಕ್ಕಟ್ಟಾಗಿರುತ್ತದೆ. ಉದ್ದವಾಗಿ ಕಟ್ಟಿ, ಇಲ್ಲವೇ ದೂರದೂರಕ್ಕೆ ಎರಡು ಮೂರು ಕೋಡಿ ಇಡಿ. ಪೈಪಿನ ಬಾಯಿಂದ ಆದಷ್ಟು ದೂರವಿರಲಿ.

ಇನ್ನೊಂದು, ಕೋಡಿಯ ಮುಂದೆ ಆಳ ಅಳೆಯಿರಿ. ಕೆಸರಿನ ಮೇಲೆ ಕನಿಷ್ಠ 60 ಸೆಂ.ಮೀ. ನೀರು ನಿಲ್ಲಬೇಕು. ಅಮೆರಿಕದ ಸೇನಾ ಎಂಜಿನಿಯರ್‌ಗಳ ಕೈಪಿಡಿ ಹೇಳುವುದೂ ಇದನ್ನೇ.

ಪ್ರಶ್ನೆ: ಅಳೆದೆ ಸರ್, 35 ಸೆಂ.ಮೀ. ಇದೆ. ಹೊಸ ಕೋಡಿ ಕಟ್ಟಲು ಸಮಯ ಬೇಕು. ಈಗಲೇ ಏನು ಮಾಡಲಿ?

ಉತ್ತರ: ಹಾಗಾದರೆ ಅದೂ ಒಂದು ಕಾರಣ. ಮೇಲೆ ಹಲಗೆ ಸೇರಿಸಿ. ನೀರು ಏರುವವರೆಗೆ ಹೊರಹರಿವು ನಿಲ್ಲುತ್ತದೆ, ಕೆಸರಿಗೂ ಕೂರಲು ಸಮಯ ಸಿಗುತ್ತದೆ. ಅದಕ್ಕೂ ಮೊದಲು ಏರಿ ಇನ್ನೆಷ್ಟು ನೀರು ತಡೆಯುತ್ತದೆ ನೋಡಿಕೊಳ್ಳಿ, ಇದರಲ್ಲಿ ಅಂದಾಜು ಬೇಡ. ಹಲಗೆಗಳ ಸಂದು ಸೋರುತ್ತಿದ್ದರೆ ಮುಚ್ಚಿ, ಅಲ್ಲಿಂದ ಬರುವುದು ತಳದ ಕೆಸರೇ. ಇಷ್ಟಾದರೂ ತಿಳಿಯಾಗದಿದ್ದರೆ ಡ್ರೆಜ್ಜರ್ ನಿಲ್ಲಿಸಿ. ಹೊರಗೆ ಮೀನು, ಚಿಪ್ಪು ನಂಬಿದವರು ಇದ್ದಾರೆ ಅಲ್ವಾ?

ಮತ್ತೊಬ್ಬರು: ಮಳೆಗಾಲದಲ್ಲೂ ಇದೇ ಲೆಕ್ಕವೇ ಸರ್?

ಉತ್ತರ: ಒಂದು ವ್ಯತ್ಯಾಸವಿದೆ ಮೇಡಂ. ಉಪ್ಪುನೀರಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಬೇಗ ಕೂರುತ್ತವೆ. ಮಳೆಗಾಲದಲ್ಲಿ ಅಳಿವೆ ಸಿಹಿಯಾದಾಗ ಮೇಲಿನ ನೀರೇ ಮಬ್ಬಾಗಿ ಉಳಿಯಬಹುದು. ಆಗ ಕೋಡಿ ಎಷ್ಟು ಉದ್ದವಿದ್ದರೂ ಸಾಲದು. ಕೋಡಿಯಾಚೆ ಎರಡನೇ ಚಿಕ್ಕ ಹೊಂಡ ಬೇಕು, ಕಣಗಳನ್ನು ಒಟ್ಟುಗೂಡಿಸುವ ಪಾಲಿಮರ್ ಅನ್ನು ಕೋಡಿಯಲ್ಲೇ ಬೆರೆಸಬೇಕು. ಎಷ್ಟು ಹಾಕಬೇಕು ಅನ್ನುವುದನ್ನು ನಿಮ್ಮದೇ ಹೂಳು ತಂದು ಜಾಡಿಯಲ್ಲಿ ಪರೀಕ್ಷಿಸಿ ತೀರ್ಮಾನಿಸಿ.