[ಪದಚರ್ಚೆ] ಕ್ವಾರ್ಟರ್‌ಬ್ಯಾಕ್, ಹಡಲ್, ಲೀಡರ್‌ಶಿಪ್: ಇವತ್ತು ರಾತ್ರಿಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲಿನ ಒಬ್ಬ ನಿವೃತ್ತ ಕ್ವಾರ್ಟರ್‌ಬ್ಯಾಕ್ (ತಂಡದಲ್ಲಿ ಚೆಂಡು ಎಸೆಯುವ ಮುಖ್ಯ ಆಟಗಾರ) ಕಾಲೇಜು ಹುಡುಗರ ಮುಂದೆ ಮಾಡಿದ ಭಾಷಣಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು. ಮೂರು ಕಡೆ ಕೈ ನಿಂತಿದೆ.

ಕ್ವಾರ್ಟರ್‌ಬ್ಯಾಕ್ ಅಂತಲೇ ಬಿಡಲೋ, ಕನ್ನಡದ್ದೇ ಏನಾದರೂ ಇದೆಯೋ? ಚೆಂಡು ಕೈಗೆ ಬರುವ ಮುಂಚೆ ಹನ್ನೊಂದು ಜನ ತಲೆಗೆ ತಲೆ ಕೊಟ್ಟು ನಿಲ್ಲುತ್ತಾರಲ್ಲ, ಆ ಹಡಲ್‌ಗೆ ಏನನ್ನಲಿ? ಇನ್ನು ಲೀಡರ್‌ಶಿಪ್. ‘ನಾಯಕತ್ವ’ ಅಂತ ಹಾಕಿದರೆ ಚುನಾವಣೆ ಭಾಷಣದ ಹಾಗೆ ಕೇಳುತ್ತದೆ. ಅವರು ಹೇಳುತ್ತಿರುವುದು ಬೇರೆ. ಎಸೆದ ಚೆಂಡಿನಿಂದ ಹೆಸರು ಬಂದದ್ದು ತನಗೆ, ಎಸೆಯುವಷ್ಟು ಹೊತ್ತು ಮೈಯೊಡ್ಡಿ ಎದುರಾಳಿಗಳನ್ನು ತಡೆದವರು ಮುಂದಿನ ಸಾಲಿನ ಐದು ಜನ ಅಂತ. ಇಡೀ ಭಾಷಣ ಇದರ ಸುತ್ತಲೇ ಇದೆ.

– ಮೈಸೂರಿನಿಂದ

*

ಕ್ವಾರ್ಟರ್‌ಬ್ಯಾಕ್: ಕಾಲ್ಹಿಂದಾಳು. ಹಾಫ್‌ಬ್ಯಾಕ್ ಅರೆಹಿಂದಾಳು, ಫುಲ್‌ಬ್ಯಾಕ್ ತುಂಬುಹಿಂದಾಳು. ಸಾಲಿನಿಂದ ಎಷ್ಟು ಹಿಂದೆ ನಿಲ್ಲುತ್ತಾನೆ ಅನ್ನುವುದರ ಮೇಲೆ ಬಂದ ಹೆಸರುಗಳು ಇವು. ಕನ್ನಡದಲ್ಲೂ ಹಾಗೇ ಕಟ್ಟಬಹುದು.

ಲೀಡರ್‌ಶಿಪ್: ಮುಂದಾಳ್ತನ. ನಾಯಕತ್ವ ಸಂಸ್ಕೃತ, ಬೇಡ.

‘ವಿಜಯ’ ಅಂತ ಎಲ್ಲೂ ಹಾಕಬೇಡಿ, ‘ಗೆಲುವು’ ಅನ್ನಿ. ಮಗುವಿಗೆ ಜ್ವರ ಬಿಟ್ಟರೆ ‘ಈಗ ಗೆಲುವಾಗಿದೆ’ ಅನ್ನುತ್ತೇವೆ. ದುಡಿದು ಬಂದವನು ‘ಕೈಕಾಲು ಸೋತುಹೋಯ್ತು’ ಅನ್ನುತ್ತಾನೆ. ಗೆಲುವು, ಸೋಲು ಎರಡೂ ಮೊದಲು ಮೈಯಲ್ಲಿ ಇರುವಂಥವು. ವಿಜಯಕ್ಕೆ ಈ ಕಸುವಿಲ್ಲ.

– ಧಾರವಾಡ

*

ಕಾಲ್ಹಿಂದಾಳು ಆಗುವುದಿಲ್ಲ. ಓದುವವರಿಗೆ ಕಾಲು ಅಂದ ಕೂಡಲೇ ಹೊಳೆಯುವುದು ನಡೆಯುವ ಕಾಲು. ಕೈಯಿಂದ ಎಸೆಯುವ ಆಟಗಾರನಿಗೆ ಆ ಹೆಸರೇ? ಮುಂದಾಳ್ತನವೂ ಇಲ್ಲಿ ಹೊಂದುವುದಿಲ್ಲ. ನಿಮ್ಮ ಲೆಕ್ಕದಲ್ಲೇ ಆತ ಹಿಂದಾಳು. ಹಿಂದಾಳಿನ ಮುಂದಾಳ್ತನ ಅಂತ ಯಾರು ಓದುತ್ತಾರೆ? ನಾಯಕ ಅನ್ನುವುದು ‘ನೀ’ ಧಾತುವಿನಿಂದ ಬಂದದ್ದು, ಕರೆದುಕೊಂಡು ಹೋಗುವವನು ಅಂತ. ಎಲ್ಲಿ ನಿಂತಿದ್ದಾನೆ ಅಂತ ಅದು ಹೇಳುವುದಿಲ್ಲ. ಹಾಗಾಗಿ ಅದೇ ಸರಿ.

– ಬೆಂಗಳೂರು

*

ಮೇಡಂ, ಪದ ಆರಿಸುವ ಮೊದಲು ಕೆಲಸ ನೋಡಿ. ನಾನು ಇರುವುದು ಅಮೆರಿಕದ ಸಾಂತಾ ಕ್ಲಾರಾದಲ್ಲಿ, 49ಅರ್ಸ್ ಫುಟ್‌ಬಾಲ್ ತಂಡದ ಊರು, ಹಾಗಾಗಿ ಈ ಆಟ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಪಂದ್ಯದೊಳಗಿನ ಒಂದು ಸಣ್ಣ ಆಟ (ಪ್ಲೇ) ಮುಗಿದು ಮುಂದಿನದು ಶುರುವಾಗಲು 40 ಸೆಕೆಂಡು. ಕೋಚ್ ಹೇಳುವುದು ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ ಒಳಗಿನ ಸ್ಪೀಕರಿನಲ್ಲಿ ಕೇಳುತ್ತದೆ. 15 ಸೆಕೆಂಡು ಉಳಿದಾಗ ಅದು ಬಂದ್. ಆಮೇಲೆ ಎದುರಿನವರು ನಿಂತ ರೀತಿ ನೋಡಿ, ಬೇಕಿದ್ದರೆ ಯೋಜನೆಯನ್ನೇ ಬದಲಿಸಿ ಕೂಗುವವನು ಅವನೊಬ್ಬನೇ.

1989ರ ಸೂಪರ್ ಬೌಲ್, ಅಂದರೆ ಫೈನಲ್ ಪಂದ್ಯ, ನೋಡಿ. ಎದುರಾಳಿ ಸಿನ್ಸಿನಾಟಿ ಮೂರು ಅಂಕ ಮುಂದಿತ್ತು, ಉಳಿದದ್ದು ಮೂರು ನಿಮಿಷ ಚಿಲ್ಲರೆ, ಹೋಗಬೇಕಿದ್ದದ್ದು 92 ಗಜ. 49ಅರ್ಸ್ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನ ಜೊತೆಗಾರರನ್ನು ಹುರಿದುಂಬಿಸುವ ಮಾತು ಆಡಲಿಲ್ಲ. ಮುಂದಿನ ಸಾಲಿನ ಹ್ಯಾರಿಸ್ ಬಾರ್ಟನ್‌ಗೆ ‘ಅಲ್ಲಿ ನೋಡು, ಜಾನ್ ಕ್ಯಾಂಡಿ’ ಅಂತ ಪ್ರೇಕ್ಷಕರ ನಡುವಿದ್ದ ಹಾಸ್ಯನಟನನ್ನು ತೋರಿಸಿದರು. ಎಲ್ಲರ ಬಿಗು ಇಳಿಯಿತು. 34 ಸೆಕೆಂಡು ಇರುವಾಗ ಜಾನ್ ಟೇಲರ್ ಕೈಗೆ ಚೆಂಡು ಸೇರಿತು, 20-16. ನಿಮ್ಮ ಭಾಷಣಕಾರರು ಲೀಡರ್‌ಶಿಪ್ ಅನ್ನುತ್ತಿರುವುದು ಬಹುಶಃ ಇದನ್ನೇ. ತನ್ನ ದನಿ ನಡುಗಿದರೆ ಉಳಿದ ಹತ್ತು ಜನಕ್ಕೂ ಅದು ತಿಳಿಯುತ್ತದೆ ಅಂತ ಗೊತ್ತಿರುವುದು.

ಹಡಲ್ ವಿಷಯ: 1890ರ ದಶಕದಲ್ಲಿ ವಾಷಿಂಗ್ಟನ್ನಿನ ಗ್ಯಾಲೊಡೆಟ್‌ನಲ್ಲಿ, ಕಿವುಡರ ಕಾಲೇಜದು, ಪಾಲ್ ಹಬರ್ಡ್ ಅನ್ನುವ ಕ್ವಾರ್ಟರ್‌ಬ್ಯಾಕ್ ಇದನ್ನು ಶುರುಮಾಡಿದರು ಅನ್ನುತ್ತಾರೆ. ಎದುರು ತಂಡಕ್ಕೂ ಸನ್ನೆ ಭಾಷೆ ಬಂದರೆ ಗುಟ್ಟು ಉಳಿಯುವುದಿಲ್ಲ ಅಲ್ವಾ? ಅದಕ್ಕೆ ಸುತ್ತ ನಿಂತು ಕೈ ಮರೆಮಾಡಿದರು.

*

ಹಾಗಿದ್ದರೆ ಹಡಲ್‌ಗೆ ‘ಮರೆಕೂಟ’. ಮರೆಯೂ ಬಂತು, ಕೂಟವೂ ಬಂತು.

– ಧಾರವಾಡ

*

ಯಾವುದೋ ಗುಟ್ಟಿನ ಸಂಘದ ಹೆಸರಿದ್ದ ಹಾಗಿದೆ. ಬೇಡ.

– ಬೆಂಗಳೂರು

*

ಹಿಂದೆ ನಿಂತವನು ಹೇಗೆ ಮುಂದಾಳು ಅಂತ ಕೇಳಿದ್ದೀರಿ. ನಮ್ಮ ಯಕ್ಷಗಾನದಲ್ಲಿ ಭಾಗವತರು ಕೂರುವುದು ವೇಷಗಳ ಹಿಂದೆಯೇ. ಆದರೂ ಅವರನ್ನು ಮೊದಲನೇ ವೇಷ ಅನ್ನುತ್ತೇವೆ. ಪದ (ಹಾಡು) ಎತ್ತುವುದು, ನಿಲ್ಲಿಸುವುದು ಅವರ ಕೈಯಲ್ಲಿದೆ. ವೇಷಧಾರಿಗೆ ಮಾತು ಮರೆತರೆ ಹಿಂದಿನಿಂದಲೇ ದಾಟಿಸುತ್ತಾರೆ. ಕ್ವಾರ್ಟರ್‌ಬ್ಯಾಕನ್ನು ಭಾಗವತ ಅನ್ನಿ ಅಂತ ನಾನು ಹೇಳುತ್ತಿಲ್ಲ. ‘ಆಟ ನಡೆಸುವುದು’ ಅನ್ನುವ ಮಾತು ನಮ್ಮಲ್ಲಿ ಇದೆ, ಅದನ್ನು ಬಳಸಿ. ನಾಯಕತ್ವ, ಮುಂದಾಳ್ತನ ಎರಡೂ ಬೇಕಿಲ್ಲ.

– ಉಡುಪಿ

*

ಕ್ವಾರ್ಟರ್‌ಬ್ಯಾಕ್ ಇಂಗ್ಲಿಷಿನಲ್ಲೇ ಉಳಿಯುತ್ತದೆ ಅನ್ನಿ. ಹೀಗೇ ಒಂದೊಂದಾಗಿ ಎಲ್ಲವೂ ಉಳಿದುಬಿಡುತ್ತವೆ. ಬ್ಯಾಟ್ಸ್‌ಮನ್‌ಗೆ ದಾಂಡಿಗ, ವಿಕೆಟ್‌ಗೆ ಹುದ್ದರಿ ಅಂತ ಪತ್ರಿಕೆಯವರು ಬರೆದರಲ್ಲ? ಬರೆದದ್ದಕ್ಕೇ ಆ ಪದಗಳು ಬದುಕಿವೆ.

– ಧಾರವಾಡ

*

ಪತ್ರಿಕೆಯಲ್ಲಿ ಬದುಕಿವೆ, ಮೈದಾನದಲ್ಲಿ ಇಲ್ಲ. ‘ಹುದ್ದರಿ ಬಿತ್ತು’ ಅಂತ ಕೂಗುವ ಹುಡುಗನನ್ನು ನಾನು ಕಂಡಿಲ್ಲ. ನೀವು ಕೂತಿರುವ ಕುರ್ಚಿ ಅರಬ್ಬಿಯಿಂದ ಬಂದದ್ದು ಮೇಷ್ಟ್ರೇ. ಯಾರಿಗೂ ಕಷ್ಟವಾಗಿಲ್ಲ.

– ಬೆಂಗಳೂರು

*

ಕುರ್ಚಿಯಲ್ಲಿ ಅರಬ್ಬಿಯ ‘ಸ’ ಹೋಗಿ ‘ಚ’ ಬಂದಿದೆ, ಅದು ನಮ್ಮ ನಾಲಿಗೆಗೆ ಪಳಗಿದೆ. ಕ್ವಾರ್ಟರ್‌ಬ್ಯಾಕ್ ಪಳಗಿಲ್ಲ. ತೆಗೆದುಕೊಳ್ಳುವುದು ಬೇರೆ, ಸುಮ್ನೆ ಶರಣಾಗುವುದು ಬೇರೆ.

– ಧಾರವಾಡ

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಮಾಡಿದ್ದೇನೆ.

ಕ್ವಾರ್ಟರ್‌ಬ್ಯಾಕ್ ಹಾಗೇ ಇದೆ. ಮೇಷ್ಟ್ರು ಸಿಟ್ಟಾಗಬಾರದು, ಪರದೆಯ ಮೇಲೆ ಆ ಸಾಲು ನಿಲ್ಲುವುದು ಎರಡೇ ಸೆಕೆಂಡು. ಹಡಲ್‌ಗೆ ನಾಮಪದವನ್ನೇ ಬಿಟ್ಟೆ: ‘ಸುತ್ತುಗಟ್ಟಿ ನಿಂತಾಗ ನನ್ನ ದನಿ ಮಾತ್ರ ಕೇಳಬೇಕು’. ಲೀಡರ್‌ಶಿಪ್ ಬಂದ ಕಡೆ ಉಡುಪಿಯವರ ಮಾತು: ‘ಆಟ ನಡೆಸುವವನು ಹಿಂದೆ ನಿಂತಿರುತ್ತಾನೆ, ಅವನನ್ನು ಉಳಿಸುವವರು ಮುಂದೆ’. ಇಡೀ ಭಾಷಣದಲ್ಲಿ ‘ವಿಜಯ’ ಒಂದೂ ಇಲ್ಲ, ಎಲ್ಲಾ ಗೆಲುವು. ಸೋತ ದಿನದ ಬಗ್ಗೆ ಹೇಳುವಾಗ ‘ಮೈ ಸೋತಿತ್ತು, ಮನಸ್ಸು ಸೋತಿರಲಿಲ್ಲ’ ಅಂತ ಬರೆದೆ. ಅದು ಧಾರವಾಡದ ಕೊಡುಗೆ.

ಇನ್ನೊಂದೇ ಉಳಿದಿದೆ. ಚೆಂಡು ಎಸೆಯುವ ಮೊದಲೇ ಎದುರಾಳಿ ಬಂದು ಕೆಡವಿದರೆ ‘ಸ್ಯಾಕ್’. ‘ಕೆಡವಿದರು’ ಸಾಕೇ?

– ಮೈಸೂರಿನಿಂದ

*

ಸಾಕು.

– ಬೆಂಗಳೂರು

*

ಸಾಕು. ಕೆಡವು ಅಚ್ಚಗನ್ನಡ.

– ಧಾರವಾಡ